ಹಲ್ಲಿನ ಗುರುತಿದ್ದ ಬೇವಿನ ಕೋಲು

೧೯೪೪ನೆಯ ಇಸವಿ. ನನಗಾಗ ನಲವತ್ತೊಂದು ವರ್ಷ. ಮಧುಗಿರಿಯ ಮಾಧ್ಯಮಿಕ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ. ನನಗಿಂತ ಆರು ವರ್ಷಕ್ಕೆ ಚಿಕ್ಕವನಾದ ತಮ್ಮ ಶಿರಾ ರಸ್ತೆಯ ಮಗ್ಗುಲಲ್ಲಿ ತಗಡಿನ ಸೂರು ಹಾಕಿಕೊಂಡು ಮೋಟಾರು ರಿಪೇರಿ ಮಾಡುತ್ತಿದ್ದ. ಆ ವರ್ಷ ಅವನ ಕಿವಿ ಮಂದವಾಗುತ್ತಿತ್ತು. ಎಂಜಿನ್ನಿನ ಒಳಗಿನ ಸದ್ದಿನಿಂದಲೇ ರೋಗ ಹಿಡಿಯುವವನಿಗೆ ಕಿವಿ ಹೋದರೆ ಕಸಬೇ ಹೋದಂತೆ. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಒಂದೇ ಮನೆಯಲ್ಲಿ ಪಕ್ಕದ ಎಲೆಗೆ ಕುಳಿತು ಉಣ್ಣುತ್ತಿದ್ದ ನಾನೂ ಗುರುತಿಸಲಿಲ್ಲ.

ಯುದ್ಧದ ದೆಸೆಯಿಂದ ವಿಲಾಯಿತಿಯ ಹತ್ಯಾರುಗಳು ಬರುವುದು ನಿಂತಿತ್ತು. ತಮ್ಮ ಅದಕ್ಕಾಗಿ ಕೊರಗಿದವನಲ್ಲ. ಚಕ್ರ ಕಳಚುವುದಕ್ಕೆ ಎತ್ತಿನ ಗಾಡಿಯ ಹಳೆಯ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ ಕೊಕ್ಕೆ ಮಾಡಿಕೊಂಡಿದ್ದ. ಪ್ಲಗ್ಗಿನ ಸಂದನ್ನು ಅಳೆಯುವುದಕ್ಕೆ ಮಡಿಸಿದ ಅಂಚೆ ಕಾರ್ಡು. ಬೇರಿಂಗು ಎಲ್ಲಿ ಉಬ್ಬಿದೆಯೆಂದು ನೋಡುವುದಕ್ಕೆ ಹರಳೆಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆ. ಅದನ್ನು ಬೇರಿಂಗಿನೊಳಗೆ ತಿರುಗುವ ದಂಡಕ್ಕೆ ಸವರಿ ತಿರುಗಿಸಿದರೆ ಉಬ್ಬಿದ ಕಡೆ ಕಪ್ಪು ಹತ್ತುತ್ತಿತ್ತು. ಇವೆಲ್ಲಕ್ಕಿಂತ ಅವನು ನೆಚ್ಚಿಕೊಂಡಿದ್ದುದು ಒಂದೂವರೆ ಮೊಳದ ಬೇವಿನ ಕೋಲನ್ನು. ಅದರ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿ ಆಲಿಸುತ್ತಿದ್ದ. ಆ ವರ್ಷದ ಬೇಸಿಗೆಯಿಂದೀಚೆಗೆ, ಕಿವಿಗೆ ಬದಲಾಗಿ ಹಲ್ಲಿನಲ್ಲಿ ಕಚ್ಚಿಕೊಳ್ಳಲು ತೊಡಗಿದ.

ಪಾವಗಡದ ಬಸ್ಸಿನ ಡ್ರೈವರು ಅದನ್ನು ನೋಡಿ ನಗುತ್ತಿದ್ದ. "ಏನಣ್ಣಾ, ನೀನ್ ಹಲ್ಲುಜ್ಕೊಳ್ತೀಯೋ, ನನ್ನ ಇಂಜಿನ್ನಿಗೆ ಹಲ್ಲುಜ್ಜುಸ್ತೀಯೋ?"

"ನಿನ್ ಬಸ್ಸಿಗೆ ಹಲ್ಲೇ ಇಲ್ಲ ಕಣ್ಲಾ, ಬರೀ ಬೊಚ್ಚುಬಾಯಿ" ಎಂದು ತಮ್ಮನೂ ನಕ್ಕಿದ್ದ. ಮುಖ ನೋಡಿಕೊಂಡು ಮಾತನಾಡಿದರೆ ಅವನಿಗೆ ಎಲ್ಲವೂ ತಿಳಿಯುತ್ತಿತ್ತು.

ನನಗೆ ನಗು ಬರಲಿಲ್ಲ. ಆಯುಧಪೂಜೆಯ ದಿನ ಅವನು ಹತ್ಯಾರುಗಳನ್ನೆಲ್ಲ ತೊಳೆದು, ಮಣೆಯ ಮೇಲೆ ಸಾಲಾಗಿ ಜೋಡಿಸಿ, ವಿಭೂತಿ ಹಚ್ಚಿ, ನಡುವೆ ಆ ಕೋಲನ್ನೂ ಇಟ್ಟಿದ್ದ. ತುದಿಯಲ್ಲಿ ಹಲ್ಲಿನ ಗುರುತು ಆಳವಾಗಿ ಕೂತಿತ್ತು.

"ಎಂಜಲು ಮಾಡಿದ್ದನ್ನು ಪೂಜೆಗೆ ಇಡುತ್ತೀಯಾ?" ಎಂದೆ.

"ಹಲ್ಲಾಗ್ ಹಿಡುದ್ರೆ ಚೆನ್ನಾಗ್ ತಿಳೀತದೆ, ಅಣ್ಣಯ್ಯ."

"ಕಿವಿ ಇರುವುದು ಏತಕ್ಕೆ? ಇನ್ನು ಕಚ್ಚುವುದಿಲ್ಲವೆಂದು ದೇವರ ಮುಂದೆ ಹೇಳು."

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ, "ಆಗ್ಲಿ, ಅಣ್ಣಯ್ಯ" ಎಂದ. ನಾನು ಕೋಲನ್ನು ಒಯ್ದು ನೀರೊಲೆಗೆ ಹಾಕಿದೆ. ಅದೇ ಅಳತೆಯ ಹೊಸ ಕೋಲನ್ನು ನಾನೇ ಕತ್ತರಿಸಿ, ಗಂಟುಗಳನ್ನು ಕೆತ್ತಿ, ನಯಮಾಡಿ ಮಣೆಯ ಮೇಲಿಟ್ಟೆ.

ಮೂರು ವಾರ ಕಳೆದಿರಬಹುದು, ಅದೊಂದು ಭಾನುವಾರ. ನಾನು ಶೆಡ್ಡಿನಲ್ಲಿಯೇ ಇದ್ದೆ. ಪಾವಗಡದ ಬಸ್ಸು ಬಂದು ನಿಂತಿತು. "ಒಳಗೆ ಟಕ್ ಟಕ್ ಅಂತೈತೆ, ಒಸಿ ನೋಡಣ್ಣಾ" ಎಂದ ಡ್ರೈವರು. ತಮ್ಮ ಹೊಸ ಕೋಲನ್ನು ಎಂಜಿನ್ನಿಗೆ ಒತ್ತಿದ. ಅದರ ತುದಿಯನ್ನು ಬಾಯಿಯವರೆಗೆ ತಂದವನು ನನ್ನತ್ತ ನೋಡಿ ಕಿವಿಗೆ ಹಚ್ಚಿಕೊಂಡ. ಬಹಳ ಹೊತ್ತು ಹಾಗೆಯೇ ಬಗ್ಗಿದ್ದ. "ಏನಿಲ್ಲ, ಹೊರಡು" ಎಂದ. ಅವನು ಮಾತು ಉಳಿಸಿಕೊಂಡನೆಂದು ನನಗೆ ಒಳಗೊಳಗೇ ಸಂತೋಷವಾಯಿತು. ಆ ಸಂತೋಷವನ್ನು ಈಗಲೂ ಕ್ಷಮಿಸಿಕೊಳ್ಳಲಾರೆ.

ಪಾವಗಡ ಇನ್ನೂ ದೂರವಿರುವಾಗಲೇ ಬೇರಿಂಗು ಪುಡಿಯಾಗಿ, ಒಳಗಿನ ದಂಡ ಮುರಿದು ಎಂಜಿನ್ನಿನ ಗೋಡೆಯನ್ನೇ ಸೀಳಿಕೊಂಡು ಹೊರಬಂದಿತು. ಜನರಿಗೆ ಏನೂ ಆಗಲಿಲ್ಲ. ಎಂಜಿನ್ನಿಗೆ ಮಾತ್ರ ಆ ಕಾಲದಲ್ಲಿ ಬದಲಿ ಇರಲಿಲ್ಲ. ಮರುದಿನ ಸಂಜೆ, ನಾನೂ ಶೆಡ್ಡಿನಲ್ಲಿದ್ದಾಗ, ಡ್ರೈವರು ಬಂದು ತಮ್ಮನ ಬೆನ್ನ ಹಿಂದೆ ನಿಂತು ಕೂಗಿದ: "ದಾರೀಲಿ ಕುರಿ ಕಾಯೋರ್ಗೂ ಕೇಳುಸ್ತಲ್ಲಣ್ಣಾ, ನಿಂಗ್ ಕೇಳುಸ್ಲಿಲ್ವಾ?"

ತಮ್ಮ ತಿರುಗಲಿಲ್ಲ, ಅರದಿಂದ ಕಬ್ಬಿಣದ ತುಂಡೊಂದನ್ನು ಉಜ್ಜುತ್ತಲೇ ಇದ್ದ. ಡ್ರೈವರನ ಕೋಪ ಇಳಿದುಹೋಯಿತು. ಅವನು ನನ್ನ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ತಿಳಿಯಿತು.

ಡ್ರೈವರು ಹೋದ ಮೇಲೆ ತಮ್ಮನ ಎದುರಿಗೆ ಕುಳಿತು ಕೇಳಿದೆ: "ಯಾಕಪ್ಪಾ ಕಚ್ಚಿ ನೋಡಲಿಲ್ಲ?"

"ನೀನೇ ದೇವ್ರ ಮುಂದೆ ಹೇಳಿಸ್ದೆಯಲ್ಲ, ಅಣ್ಣಯ್ಯ."

ಹೊಸ ಕೋಲನ್ನು ಅವನ ಕೈಗಿಟ್ಟು, "ಕಚ್ಚು" ಎಂದೆ, ಬೇಡಿಕೊಂಡೆ. ಕಚ್ಚಿ ಕೇಳುವುದಕ್ಕೆ ಎಂಜಿನ್ನು ಬೇಕಲ್ಲ? ಕಿವುಡನೆಂಬ ಸುದ್ದಿ ಶಿರಾ, ಕೊರಟಗೆರೆಗಳಿಗೂ ಮುಟ್ಟಿತ್ತು. ಕೋಲಿನ ಅದುರು ಹಲ್ಲಿಗೆ ತಿಳಿಯುತ್ತದೆ, ಅವನು ಹಲ್ಲಿನಿಂದ ಕೇಳುತ್ತಾನೆಂದು ನಾನು ಬಸ್ಸಿನವರ ಬಳಿ ಹೋಗಿ ಹೋಗಿ ಹೇಳಿದೆ. ಪಾಪ, ಮೇಷ್ಟ್ರು ಎಂದರು. ದೀಪಾವಳಿ ಕಳೆಯಿತು, ಕಾರ್ತಿಕ ಕಳೆಯಿತು. ಶೆಡ್ಡಿನ ಮುಂದೆ ಒಂದು ಗಾಡಿಯೂ ನಿಲ್ಲಲಿಲ್ಲ. ಕೊಳಾಲದ ಕಡೆಯ ನೆಂಟರು ಹೊಲದ ಕೆಲಸಕ್ಕೆ ಕರೆದರು. ಅವನು ಒಪ್ಪಿಕೊಂಡ. ಹತ್ಯಾರುಗಳನ್ನು ಕಮ್ಮಾರನಿಗೆ ಕೊಟ್ಟು, ತಗಡುಗಳನ್ನು ಇಳಿಸಿ, ನಾವಿಬ್ಬರೂ ಶೆಡ್ಡಿನ ಕಂಬಗಳನ್ನು ಕಿತ್ತದ್ದು ೧೯೪೫ನೆಯ ಇಸವಿ ಜನವರಿ ತಿಂಗಳ ಹತ್ತನೆಯ ತಾರೀಖು, ಬುಧವಾರ.