ಇಬ್ಬರಿಗೆ ಹೇಳಿದ್ದ ಊಟ

ಕಾಳಿ ನದಿಯ ಗುಂಟ ಕಾಡಿನಲ್ಲಿ ನಡೆಯಬೇಕೆಂದು ಗೆಳತಿಯೂ ನಾನೂ ಮಾತಾಡಿಕೊಂಡಿದ್ದೆವು. ಬಸ್ಸು ಹತ್ತುವ ಹೊತ್ತಿಗೆ ಅವಳ ಫೋನು ಬಂತು: "ಸಾರಿ ಮಗಾ, ನನ್ ಕೈಲಿ ಆಗಲ್ಲ. ನೀನು ಹೋಗ್ಬಾ." ಗಿರಿನಗರದ ನನ್ನ ಖಾಲಿ ಮನೆಗೆ ಮರಳಲು ಮನಸ್ಸಾಗದೆ ಬೆನ್ನಚೀಲ ಹೊತ್ತು ಒಬ್ಬಳೇ ಹೊರಟೆ.

ಮರುದಿನವೆಲ್ಲ ನಡೆದು ಸಂಜೆ ಹೊಳೆದಂಡೆಯ ಬಿದಿರು ಗುಡಿಸಲು ತಲುಪಿದೆ. ಅದನ್ನು ಬಾಡಿಗೆಗೆ ಕೊಡುವ ಹೆಂಗಸು ಸಗಣಿ ಸಾರಿಸಿದ ನೆಲದ ಮೇಲೆ ಎರಡು ತಟ್ಟೆ ಇಟ್ಟು, "ಇನ್ನೊಬ್ರು ಎಲ್ರೀ?" ಎಂದಳು.

"ಬರಲಿಲ್ಲ," ಎಂದೆ. ಬೆಳಗಿನಿಂದ ನಾನಾಡಿದ ಮೊದಲ ಮಾತು ಅದು.

ಅವಳು ಎರಡನೆಯ ತಟ್ಟೆಗೆ ತಾನೇ ಬಡಿಸಿಕೊಂಡು ಎದುರಿಗೆ ಕೂತಳು. "ನನಗೂ ಒಬ್ಬಾಕೀನೇ ಉಣ್ಣಾಕ ಬ್ಯಾಸರ," ಎಂದಳು. ಮೀನುಸಾರು ಖಾರವಾಗಿತ್ತು. ಇಬ್ಬರೂ ಮೂಗು ಒರೆಸಿಕೊಳ್ಳುತ್ತ, ಹೊಳೆಯ ಸದ್ದು ಕೇಳುತ್ತ ಉಂಡೆವು.