ತುಳಜಾರಾಮನ ಕಾಲಂ ಪುಸ್ತಕ

ಹುಮನಾಬಾದಿನ ಬೀಜದ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಕಾಲಂ ಸೇರಿಸುವುದೆಂದರೆ ಗುಮಾಸ್ತ ತುಳಜಾರಾಮನಿಗೆ ಮನೆಗೆ ಸೊಸೆ ತಂದಷ್ಟು ವಿಚಾರದ ಕೆಲಸ. ಗಿರಾಕಿಗಳ ಪಟ್ಟಿಗೆ ೧೯೯೬ರಲ್ಲಿ ಪಕ್ಕದ ಮನೆಯ ಫೋನ್ ನಂಬರಿನ ಕಾಲಂ ಬಂತು, ೨೦೦೪ರಲ್ಲಿ ಅದು ಹೋಗಿ ಮೊಬೈಲಿನದು ಬಂತು. ಬಂದದ್ದು, ಹೋದದ್ದು ಎಲ್ಲವನ್ನೂ ತಾರೀಖು, ಹೇಳಿದವರು, ಕಾರಣ ಸಮೇತ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. “ಯಾಕ ಇಷ್ಟೆಲ್ಲಾ ಬರಿತಿ?” ಎಂದು ಸಾಹುಕಾರ ಬಸವಣಪ್ಪ ರೇಗಿದರೆ, “ನಾಳೆ ಯಾರರ ಕೇಳ್ತಾರ್ರಿ” ಎನ್ನುತ್ತಿದ್ದ. “ಇಷ್ಟು ವರ್ಷದಾಗ ಯಾರರ ಕೇಳ್ಯಾರೇನು?” “ಇನ್ನಾ ಕೇಳಿಲ್ರಿ.” ಪಕ್ಕದ ಟೇಬಲ್ಲಿನ ಗೆಳೆಯ ಸೂರ್ಯಕಾಂತ ನಗುತ್ತಿದ್ದ. ತುಳಜಾರಾಮ ತೀರಿಕೊಂಡ ಹದಿನೈದನೆಯ ದಿನ ಸಾಹುಕಾರರು, “ನೌಕರರ ಪಟ್ಟಿಯಿಂದ ಅವನ ಹೆಸರು ತೆಗಿ” ಎಂದರು. ಸೂರ್ಯಕಾಂತ ಪುಸ್ತಕ ತೆರೆದ. ಗಿರಾಕಿಗಳ ಪಟ್ಟಿಗೆ ‘ತೀರಿಕೊಂಡ ದಿನ’ ಎಂಬ ಕಾಲಂ ಸೇರಿಸಿದ್ದು ಅದರಲ್ಲಿತ್ತು. ಹೇಳಿದವರು, ರಾಜೇಶ್ವರ ಊರಿನ ಸತ್ಯಮ್ಮ. ಕಾರಣ, ‘ಸತ್ತ ಗಂಡನ ಹೆಸರಿಗೆ ನಮ್ಮ ದೀಪಾವಳಿ ಕಾರ್ಡು ಹೋಗಿತ್ತು. ವಾಪಸು ಕೊಡಲು ಬಂದವರು, ಹೆಸರು ಮಾತ್ರ ಅಳಿಸಬೇಡಿ ಎಂದರು.’ ನೌಕರರ ಪಟ್ಟಿಯಲ್ಲಿ ಅಂಥ ಕಾಲಂ ಇರಲಿಲ್ಲ. ಸೂರ್ಯಕಾಂತ ಹೆಸರು ತೆಗೆಯಲಿಲ್ಲ. ಕಾಲಂ ಸೇರಿಸಿ, ತಾರೀಖು ತುಂಬಿ, ಪುಸ್ತಕದಲ್ಲೂ ಬರೆದ. ಸಾಹುಕಾರರು ಪರದೆ ನೋಡಿ, “ಈ ಕಾಲಂ ಯಾಕ ಬಂತು?” ಎಂದರು. ಹಾಗೆ ಕೇಳಿದವರು ಅವರೇ ಮೊದಲಿಗರು. ಸೂರ್ಯಕಾಂತ ಪುಸ್ತಕವನ್ನು ಅವರ ಮುಂದೆ ಸರಿಸಿದ.