ಲಂಗದ ಅಂಚಿಗೆ ಎಳೆದ ಗೆರೆ

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಎಲ್ಲ ಕೆಡಲು ಶುರುವಾಯಿತು. ಗಡಿಯಾರ ನೋಡಿಯೇ ಚಹಾಕ್ಕೆ ಬಿಡುವು ಕೊಟ್ಟಿದ್ದರಿಂದ ಹೊತ್ತು ಸರಿಯಾಗಿ ನೆನಪಿದೆ. ಅಲ್ಲಿಯವರೆಗೆ ಇಂಥದ್ದನ್ನು ಯಾರೇ ಹೇಳಿದರೂ ನಾನು ನಗುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ಬೆಳಗಾವಿಯ ಹಿಂದವಾಡಿಯಲ್ಲಿರುವ ನನ್ನ ಮನೆ ಇಕ್ಕಟ್ಟು. ಅದಕ್ಕೇ ಖಾನಾಪುರದಾಚೆ ಗುಂಜಿಯಲ್ಲಿ ತಗಡಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಚಿತ್ರ ಬರೆಯುತ್ತಿದ್ದೆ. ತಿರುಗಿ ನೋಡಿದ್ದಕ್ಕೆ ಕಲ್ಲಾಗುವ ರಾಜಕುಮಾರಿಯ ಅಜ್ಜಿಕಥೆ ನನ್ನ ವಿಷಯ. ಪಕ್ಕದ ಮನೆಯ ರೇಣುಕಾ, ಆಡು ಸಾಕುವವರ ಸೊಸೆ, ರಾಜಕುಮಾರಿಯಾಗಿ ನಿಲ್ಲಲು ಒಪ್ಪಿದ್ದಳು. ಬಿಡುವಿನ ನಂತರವೂ ಲಂಗ ಮೊದಲಿನಂತೆಯೇ ಹರಡಿಕೊಳ್ಳಬೇಕು. ಅದಕ್ಕಾಗಿ ಅದರ ಅಂಚಿನಗುಂಟ ನೆಲದ ಮೇಲೆ ಸೀಮೆಸುಣ್ಣದಿಂದ ಅಲ್ಲಲ್ಲಿ ಗುರುತು ಹಾಕುವುದು ರೂಢಿ. ಅಂದು ನಾನು ಸುತ್ತಲೂ ಪೂರ್ತಿ ಗೆರೆ ಎಳೆಯತೊಡಗಿದೆ.

"ಅಕ್ಕಾರ, ಗೆರಿ ಕೂಡಸಬ್ಯಾಡ್ರಿ. ಬದುಕಿದ್ದವರ ಸುತ್ತ ಗೆರಿ ಕೂಡಸಬಾರದು ಅಂತಾಳ ನಮ್ಮತ್ತಿ," ಎಂದಳು ರೇಣುಕಾ.

"ನಿಮ್ಮತ್ತಿ ನೀ ಫೋನ್ ಹಿಡಿಯೂದೂ ಬ್ಯಾಡ ಅಂತಾಳಲ್ಲ," ಎಂದೆ. ಅವಳೂ ನಕ್ಕಳು. ನಾನು ಗೆರೆ ಕೂಡಿಸಿದೆ.

ಕರೆಂಟಿನ ಒಲೆಯ ಮೇಲೆ ಹಾಲಿಟ್ಟು ಕರೆದಾಗ ಅವಳು ಕದಲಲಿಲ್ಲ. "ಕಾಲು ಏಳವಲ್ವು, ಅಕ್ಕಾರ," ಎಂದಳು. ಜೋಮು ಹಿಡಿದಿರಬೇಕೆಂದು ಗೆರೆ ದಾಟಿ ಹೋಗಿ ತೋಳು ಹಿಡಿದೆ. ಹಿಂದಕ್ಕೆ ಹೆಜ್ಜೆ ಇಡಲು ಹೋದರೆ ನನ್ನ ಕಾಲೂ ಏಳಲಿಲ್ಲ. ನೋವಿರಲಿಲ್ಲ. ತಣ್ಣಗಿತ್ತು, ಅಷ್ಟೆ. ನೋಡುನೋಡುತ್ತ ಆ ತಂಪು ಸೊಂಟಕ್ಕೇರಿತು. ಬಗ್ಗಲೂ ಆಗಲಿಲ್ಲ.

ಹಾಲು ಉಕ್ಕಿತು, ಪಾತ್ರೆ ಸೀದುಹೋಯಿತು. ಒಲೆಗೆ ತಾಗಿಕೊಂಡೇ ನಾನು ಕುಂಚ ಒರೆಸುವ, ಟರ್ಪಂಟೈನ್ ಹೀರಿದ ಬಟ್ಟೆಯಿತ್ತು. ಅದು ಹೊಗೆಯಾಡತೊಡಗಿತು. ಫೋನು ಕೈಗೆಟುಕದ ಕಿಟಕಿಯಲ್ಲಿತ್ತು. ಕೂಗಿದೆವು. ಅದೇ ಹೊತ್ತಿಗೆ ಹಿಂದಿನ ಹಳಿಯ ಮೇಲೆ ಗೂಡ್ಸ್ ಗಾಡಿ ಹಾಯ್ದು, ನಮ್ಮ ಕೂಗು ಅದರ ಸದ್ದಿನಲ್ಲಿ ಮುಳುಗಿತು.

"ನನ್ನ ಮಗಳು ಸಾಲಿಯಿಂದ ಬರೂ ಹೊತ್ತಾತು," ಎಂದು ರೇಣುಕಾ ಒಂದೇ ಸಮನೆ ಹೇಳುತ್ತಿದ್ದಳು. ನಾನೇ ಅವಳನ್ನು ಅಲ್ಲಿ ನಿಲ್ಲಿಸಿದ್ದೆ.

ಸುಟ್ಟ ವಾಸನೆಗೆ ಅವಳ ಅತ್ತೆ ಬಂದಳು. ಒಲೆ ಆರಿಸಿ, ಬಟ್ಟೆಯನ್ನು ಕೋಲಿನಿಂದ ಹೊರಗೆಸೆದಳು. ಆಮೇಲೆ ಏನೂ ಕೇಳದೆ ಗೆರೆಯನ್ನು ಒಂದು ಕಡೆ ಕಾಲಿನಿಂದ ಒರೆಸಿ, "ಬರ್ರಿ ಹೊರಗ," ಎಂದಳು. ಬಂದೆವು.

ನಡೆದದ್ದನ್ನು ಸೊಸೆಯಿಂದ ಕೇಳಿ ಅತ್ತೆ ನನ್ನತ್ತ ತಿರುಗಿದಳು. "ಕಾಲೇಜು ಕಲತವರು ನೀವು. ನನ್ನ ಸೊಸಿ ಮಾತು ಕೇಳಿದ್ರ ಡಿಗ್ರಿ ಯಾರಾರ ಕಸಗೋತಿದ್ರೇನ?"

ಬಹಳ ಹೊತ್ತು ನಿಂತರೆ ಹಾಗಾಗುತ್ತದೆ ಎಂದರು ಬೆಳಗಾವಿಯ ಡಾಕ್ಟರು. ರೇಣುಕಾ ನಿಂತಿದ್ದಳು, ಸರಿ. ಆದರೆ ನಾನು ಒಳಗೆ ಹೋಗಿ ಎರಡು ಉಸಿರೂ ಆಗಿರಲಿಲ್ಲ. ಹೊಗೆಗೆ ಹೆದರಿದಿರಿ ಎಂದರು ಗೆಳತಿಯರು. ಹೊಗೆ ಬಂದದ್ದು ಆಮೇಲೆ.

ಮುಂದೆ ನಾಲ್ಕೈದು ತಿಂಗಳು ದಿನವೂ ನಡುರಾತ್ರಿ ಎಚ್ಚರಾಗುತ್ತಿತ್ತು. ಎದ್ದು ಮಂಚದ ಸುತ್ತ ನಡೆದು ನೋಡುತ್ತಿದ್ದೆ. ಕೊನೆಗೆ ರೇಣುಕಾಳೇ ಫೋನ್ ಮಾಡಿದಳು. "ಅರ್ಧಾ ಕಲ್ಲು ಮಾಡಿ ಬಿಟ್ಟು ಹೋಗೀರಲ್ಲ. ಮುಗಸಾಕ ಬರ್ರಿ."

ಒಂದು ಭಾನುವಾರ ಹೋದೆ. ಅವಳ ಅಂಗಳದಲ್ಲಿ, ಬಿಸಿಲಿನಲ್ಲಿ ಮುಖ ಬರೆಯುತ್ತಿದ್ದೆ. ಆಡೊಂದು ಪಕ್ಕದವರ ಅವರೆ ಬಳ್ಳಿಗೆ ಬಾಯಿ ಹಾಕಿತು. ರೇಣುಕಾ ನನಗೊಂದು ಮಾತೂ ಹೇಳದೆ ಲಂಗ ಎತ್ತಿಕಟ್ಟಿ, ಬೈಯುತ್ತ ಅದರ ಹಿಂದೆ ಓಡಿದಳು. ಬದು ದಾಟಿ ಕಣ್ಮರೆಯಾಗುವವರೆಗೂ ಅವಳ ಕಾಲುಗಳನ್ನೇ ನೋಡುತ್ತಿದ್ದೆ.

ಅಂದು ಆದದ್ದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಭಾನುವಾರದ ರಾತ್ರಿ ಮಾತ್ರ ಒಮ್ಮೆಯೂ ಎಚ್ಚರಾಗದೆ ಬೆಳಗಿನವರೆಗೆ ಮಲಗಿದೆ.